ನಡುಗದ ಕೈ

ಮನಸ್ಸು ಗೆದ್ದವನ ಕೈ ನಡುಗುವುದಿಲ್ಲ ಎಂದು ಆಶ್ರಮದಲ್ಲಿ ಎಲ್ಲರೂ ನಂಬಿದ್ದರು. ಗುರುಗಳ ಕೈ ನಡುಗುತ್ತಿರಲಿಲ್ಲ. ಶಿಷ್ಯರೆಲ್ಲರ ಕೈ ನಡುಗುತ್ತಿತ್ತು. ಇದಕ್ಕಿಂತ ಹೆಚ್ಚಿನ ಪುರಾವೆಯನ್ನು ಯಾರೂ ಕೇಳಲಿಲ್ಲ.

ಅಂಚಿನವರೆಗೆ ನೀರು ತುಂಬಿದ ಬಟ್ಟಲನ್ನು ತುಳುಕಿಸದೆ ಹೊಳೆಯಿಂದ ಗುಡಿಗೆ ತಂದವನಿಗೆ ದೀಕ್ಷೆ. ಮೂವತ್ತು ವರ್ಷಗಳಲ್ಲಿ ಒಬ್ಬನೂ ತಂದಿರಲಿಲ್ಲ.

ಕಿರಿಯ ಶಿಷ್ಯ ಮುರಿಗೇಂದ್ರ ಮೂರು ಸಲ ಸೋತ.

"ನಿನ್ನೊಳಗೆ ಇನ್ನೂ ಕೊಳೆ ಇದೆಯಪ್ಪಾ," ಎಂದ ಹಿರಿಯ ಶಿಷ್ಯ ಕೊಟ್ರಬಸಯ್ಯ. "ತೀರ್ಥ ಇನ್ನೊಂದು ಬೊಗಸೆ ತಗೋ. ನಾನೂ ತಗೋತೀನಿ." ಹೇಳುವಾಗ ಅವನ ಊರುಗೋಲು ನೆಲವನ್ನು ಟಕಟಕ ಕುಟ್ಟುತ್ತಿತ್ತು.

ಮುರಿಗೇಂದ್ರ ಪಟ್ಟಣಕ್ಕೆ ಹೋಗಿ ರಸಾಯನಶಾಸ್ತ್ರ ಓದಿದ. ಅಲ್ಲಿ ಅವನ ಕೈ ಕೊಂಚ ಹಿಡಿತಕ್ಕೆ ಬಂತು. ಜಪವಿಲ್ಲ, ತಪವಿಲ್ಲ, ಮೂರು ಹೊತ್ತೂ ಹೋಟೆಲು ಊಟ. ಅವನಿಗೆ ಅನುಮಾನ ಹುಟ್ಟಿತು.

ಎಂಟು ವರ್ಷಗಳ ನಂತರ ಒಂದು ಸೀಸೆ ಹಿಡಿದು ಹಿಂದಿರುಗಿದ.

"ಇದೇನೋ, ಲೋಳೆಸರವೇ?" ಎಂದರು ಗುರುಗಳು.

"ಜೆಲ್, ಬುದ್ಧಿ. ಸಣ್ಣ ಸಣ್ಣ ಅಣುಗಳು ಒಂದನ್ನೊಂದು ಹಿಡಿದುಕೊಂಡು ನಿಂತಿವೆ. ಅಂಟಿಲ್ಲ, ಹೊಲಿಗೆಯಿಲ್ಲ."

"ನಮ್ಮ ಆಶ್ರಮದ ಹಾಗೆ."

ಮುರಿಗೇಂದ್ರ ನಗಲಿಲ್ಲ. ನೇರಳೆ ಬೆಳಕಿನ ಟಾರ್ಚು ಹಿಡಿದ. ಜೆಲ್ ಹಸಿರಾಗಿ ಬೆಳಗಿತು.

"ನೀರಿನಲ್ಲಿ ಪಾದರಸ ಕರಗಿದ್ದರೆ ಇದು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದ ಮೇಲೆ ಬೆಳಕು ಆರುತ್ತದೆ."

ಹೊಳೆಯ ನೀರಿಗೆ ಒಂದು ಚೂರು ಹಾಕಿದ. ಬೆಳಗಿತು. ಬಾವಿಯ ನೀರಿಗೆ ಹಾಕಿದ. ಬೆಳಗಿತು.

ಆಮೇಲೆ ಆ ದಿನ ಇನ್ನೂ ಹಂಚದ ತೀರ್ಥಕ್ಕೆ ಹಾಕಿದ. ಗುಡಿಯಲ್ಲಿದ್ದದ್ದು ಪಾದರಸದ ಲಿಂಗ. ಅದನ್ನು ನಿಂಬೆರಸ ಹಿಂಡಿದ ನೀರಿನಲ್ಲಿ ಮುಳುಗಿಸಿಟ್ಟು, ಆ ನೀರನ್ನೇ ಬೆಳಿಗ್ಗೆ ತೀರ್ಥವೆಂದು ಹಂಚುತ್ತಿದ್ದರು.

ಜೆಲ್ ಮಂಕಾಯಿತು. ನೋಡುತ್ತಿದ್ದಂತೆ ಆರಿದ ಕೆಂಡದಂತೆ ಕಪ್ಪಾಯಿತು.

ಕೊಟ್ರಬಸಯ್ಯ ತನ್ನ ಕೈಗಳನ್ನು ನೋಡಿಕೊಂಡ. "ಹಾಗಾದರೆ ಇದು ಕೊಳೆಯಲ್ಲವೇನೋ?"

"ಅಲ್ಲ ಅಣ್ಣಾ. ವಿಷ. ಪಾದರಸ ಮೈಗೆ ಸೇರಿದರೆ ಕೈ ನಡುಗುತ್ತದೆ."

ಗುರುಗಳು ಸೀಸೆಯನ್ನು ಕೈಗೆತ್ತಿಕೊಂಡರು. "ನಿನ್ನ ಜೆಲ್ ಇದನ್ನು ನೀರಿನಿಂದ ತೆಗೆಯುತ್ತದೆಯೇ?"

"ಒಂದು ಹಿಡಿ ಹಾಕಿಟ್ಟರೆ ಸಂಜೆಯೊಳಗೆ ತೆಗೆಯುತ್ತದೆ."

"ಇವನ ಮೈಯಿಂದ?" ಗುರುಗಳು ಕೊಟ್ರಬಸಯ್ಯನತ್ತ ತೋರಿಸಿದರು.

"ಇಲ್ಲ, ಬುದ್ಧಿ."

ಗುರುಗಳು ಎದ್ದು ಗಿಂಡಿಯ ತೀರ್ಥವನ್ನು ಬಟ್ಟಲಿಗೆ ಅಂಚಿನವರೆಗೆ ಸುರಿದು, ಮುರಿಗೇಂದ್ರನ ಮುಂದೆ ತಂದಿಟ್ಟರು. ಒಂದು ಹನಿಯೂ ತುಳುಕಲಿಲ್ಲ.

"ತೆಗೆ," ಎಂದರು.

ಮುರಿಗೇಂದ್ರ ಜೆಲ್ ಹಾಕಲಿಲ್ಲ. ಆ ಕೈಯನ್ನೇ ನೋಡುತ್ತಿದ್ದ.

"ಬುದ್ಧಿ, ಇದೇ ಗಿಂಡಿ, ಇದೇ ತೀರ್ಥ. ನಿಮ್ಮ ಕೈ ಮಾತ್ರ ಯಾಕೆ ನಡುಗಲಿಲ್ಲ?"

ಕೊಟ್ರಬಸಯ್ಯ ತಲೆಯೆತ್ತಿದ. ಅವನ ಕಣ್ಣಿನಲ್ಲಿ ಆಸೆ ಮೂಡಿತು. ಇಷ್ಟು ವಿಷ ಕುಡಿದೂ ಒಬ್ಬರಾದರೂ ಗೆದ್ದಿದ್ದಾರೆ ಎಂದರೆ, ತಾನು ಸವೆಸಿದ ಮೂವತ್ತು ವರ್ಷ ಪೂರ್ತಿ ನೀರುಪಾಲಾಗಲಿಲ್ಲ.

ಗುರುಗಳು ತಮ್ಮ ಕೈಯನ್ನು ಬೇರೆ ಯಾರದ್ದೋ ಎಂಬಂತೆ ತಿರುಗಿಸಿ ನೋಡಿದರು.

"ಎಲ್ಲರಿಗೂ ಕೊಟ್ಟು ಕೊನೆಗೆ ತಾನು ತೆಗೆದುಕೊಳ್ಳುವುದು ಇಲ್ಲಿ ಗುರುವಿನ ಪದ್ಧತಿ. ನೀವೆಲ್ಲ ಎರಡೆರಡು ಬೊಗಸೆ ಬೇಡುತ್ತಿದ್ದಿರಿ. ನನ್ನ ಸರದಿ ಬರುವಷ್ಟರಲ್ಲಿ ದಿನವೂ ಗಿಂಡಿ ಖಾಲಿಯಾಗಿರುತ್ತಿತ್ತು."