ಎರಡನೆಯ ಸಾಕ್ಷಿ

ಚಾವಡಿಯಲ್ಲಿ ಸಾಕ್ಷಿ ನುಡಿದು ಮಠಕ್ಕೆ ಬಂದ ಶಿಷ್ಯ ಚನ್ನಮಲ್ಲನ ಎದೆ ಉಬ್ಬಿತ್ತು. ಗುರುಗಳು ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು.

"ನ್ಯಾಯ ಗೆದ್ದಿತು ಬುದ್ಧಿ. ಅಂಬಿಗ ದುರುಗನಿಗೆ ಮಧ್ಯಾಹ್ನ ಗಲ್ಲು. ಪಟೇಲರ ಭಾವಮೈದನನ್ನು ದೋಣಿಯಿಂದ ಹೊಳೆಗೆ ತಳ್ಳಿದ ಪಾಪಿ. ಒಂದೇ ಸಾಕ್ಷಿ ಸಾಲದು ಅಂದರು ಪಾಳೇಗಾರರು. ಎರಡನೆಯ ಸಾಕ್ಷಿ ನಾನು ಹೇಳಿದೆ."

"ತಳ್ಳಿದ್ದನ್ನು ಕಂಡೆಯಾ?"



"ನಾನು ಕಾಣಲಿಲ್ಲ. ಗಾಣಿಗರ ಬಸಕ್ಕ ಕಂಡಿದ್ದಾಳೆ ಅಂತ ಪಟೇಲರ ಆಳು ಬಂದು ಹೇಳಿದ. ಒಂದು ಸಾಕ್ಷಿ ಕಡಿಮೆ ಬಿತ್ತು ಅಂತ ಕೊಲೆಗಾರ ಪಾರಾಗಬೇಕಾ?"

ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಅಂತಾರೆ ಹಿರಿಯರು. ಈ ಪುಣ್ಯಾತ್ಮ ಕಾಣದೆಯೇ ಆಣೆ ಇಟ್ಟು ಬಂದಿದ್ದ.

ಗುರುಗಳು ಸೊಪ್ಪು ಅಲ್ಲೇ ಬಿಟ್ಟು ಎದ್ದರು.

"ನಡಿ, ಬಸಕ್ಕನನ್ನೇ ಕೇಳೋಣ."

ಬಸಕ್ಕ ಮನೆಬಾಗಿಲಲ್ಲೇ ಸಿಕ್ಕಳು.

"ನಾನೆಲ್ಲಿ ಕಂಡೆ ಬುದ್ಧಿ? ಬಗ್ಗಿ ಬಟ್ಟೆ ಒಗೀತಿದ್ದೆ. ತಲೆ ಎತ್ತೋ ಹೊತ್ತಿಗೆ ದೋಣಿಯಲ್ಲಿ ದುರುಗ ಒಬ್ಬನೇ. ಮಠದ ಚನ್ನಮಲ್ಲ ಕಂಡಿದ್ದಾನೆ, ನೀನೂ ಹೇಳು ಅಂದ ಪಟೇಲರ ಆಳು. ಮಠದವರು ಸುಳ್ಳಾಡ್ತಾರಾ ಅಂತ ನಾನೂ ಚಾವಡಿಯಲ್ಲಿ ಹೂಂ ಅಂದೆ."

ಇವಳನ್ನು ನಂಬಿ ಚನ್ನಮಲ್ಲ, ಅವನನ್ನು ನಂಬಿ ಇವಳು.

"ದುರುಗ ಆಗ ಹೇಗಿದ್ದನವ್ವಾ?" ಗುರುಗಳು ಕೇಳಿದರು.

"ತೊಯ್ದು ತೊಪ್ಪೆಯಾಗಿದ್ದ. ಯಾರಾದರೂ ಬನ್ರೋ ಅಂತ ಕೂಗಿ ಮತ್ತೆ ನೀರಿಗೆ ಹಾರಿದ."

"ಇದನ್ನು ಚಾವಡಿಯಲ್ಲಿ ಹೇಳಲಿಲ್ಲವಾ?"

"ಯಾರೂ ಕೇಳಲಿಲ್ಲ ಬುದ್ಧಿ."

ಆತ ಕಾಲು ಜಾರಿ ಬಿದ್ದ, ಹುಡುಕೋಕೆ ನಾನೂ ಹಾರಿದೆ ಅಂತ ದುರುಗ ಪಾಳೇಗಾರರ ಮುಂದೆ ಬಡಕೊಂಡಿದ್ದ. ಪಕ್ಕದಲ್ಲೇ ನಿಂತಿದ್ದ ಚನ್ನಮಲ್ಲನಿಗೆ ಆಗ ನಗು ಬಂದಿತ್ತು.

ಹೊತ್ತು ಆಗಲೇ ನೆತ್ತಿ ದಾಟಿತ್ತು. ಇಬ್ಬರೂ ಓಡಿದರು. ಊರಾಚೆಯ ಹುಣಸೆಮರದ ಹತ್ತಿರ ಬರುವಷ್ಟರಲ್ಲಿ ದುರುಗನ ಹೆಣ ಕೊಂಬೆಯಿಂದ ಇಳಿಸಿ ಚಟ್ಟದ ಮೇಲೆ ಮಲಗಿಸಿಯಾಗಿತ್ತು.

ದುರುಗನ ಹೆಂಡತಿ ಸಿದ್ದವ್ವ ಅಳುತ್ತಿರಲಿಲ್ಲ. ಹೆಗಲು ಕೊಡ್ರಪ್ಪಾ ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದಳು. ಕೊಲೆಗಾರನ ಹೆಣ ಯಾರು ಹೊರುತ್ತಾರೆ? ಎಲ್ಲರೂ ಮುಖ ತಿರುಗಿಸಿದರು. ಪಾಳೇಗಾರರು ಇನ್ನೂ ಅಲ್ಲೇ ಇದ್ದರು.

ಸುಳ್ಳು ಸಾಕ್ಷಿ ಹೇಳಿದವನು ಇನ್ನೊಬ್ಬನಿಗೆ ಯಾವ ಶಿಕ್ಷೆ ತಂದನೋ ಅದೇ ಅವನಿಗೂ ಅನ್ನುವುದು ಆ ಸೀಮೆಯ ಕಟ್ಟಳೆ. ಅದು ಚನ್ನಮಲ್ಲನಿಗೆ ಚೆನ್ನಾಗಿ ಗೊತ್ತಿತ್ತು.

"ಬುದ್ಧಿ, ಈಗ ನಿಜ ಹೇಳಿದರೆ ನನ್ನನ್ನೂ ಇದೇ ಕೊಂಬೆಗೆ ಹಾಕ್ತಾರೆ," ಎಂದ ಮೆಲ್ಲಗೆ. "ದುರುಗ ಎದ್ದು ಬರ್ತಾನಾ? ಹೇಳಲೋ ಬೇಡವೋ, ನೀವೇ ಅಪ್ಪಣೆ ಕೊಡಿ."

ಗುರುಗಳು ಮುಂದೆ ಹೋಗಿ ಚಟ್ಟದ ಬಿದಿರಿಗೆ ಕೈ ಹಾಕಿದರು.

"ದುರುಗನ ಜೀವ ತೆಗೆಯುವಾಗ ನೀನು ನನ್ನ ಅಪ್ಪಣೆ ಕೇಳಲಿಲ್ಲ."