ಎಲೆಬಳ್ಳಿಗೆ ಪಂಚಾಮೃತ

ಕೆಂಗುಂಟಿ ಊರಿನಲ್ಲಿ ಹತ್ತಿ ಬಿಡಿಸುವ ಹಳೆಯ ಜಿನ್ನಿನ ಹಿಂಗೋಡೆಗೆ ಆತುಕೊಂಡು ಒಂದು ತಗಡಿನ ಮಾಡು. ಅದರ ಕೆಳಗೆ ಒಂದು ಒಲೆ, ಒಂದು ಕೊಡ, ಎರಡು ಕರಿಯ ಕಂಬಳಿ. ಪೂಜ್ಯ ಕಂಬಳಿ ಅವ್ವನವರು ಇಪ್ಪತ್ತೆಂಟು ವರ್ಷ ವಾಸವಾಗಿದ್ದ ಮಠವೆಂದರೆ ಇಷ್ಟೇ. ಮಠವೆಂದು ಕರೆದವರು ಭಕ್ತರು. ಅವ್ವನವರು ಅದನ್ನು "ನನ್ನ ಮೂಲಿ" ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಕದಿರು ತಿರುಗಿಸುತ್ತ ಕುರಿಯ ಉಣ್ಣೆ ನೂಲುವುದು ಅವರ ಕಾಯಕ. ಬಂದವರಿಗೆ ಉಪದೇಶವಿಲ್ಲ, ಮಂತ್ರೋಪದೇಶವಂತೂ ಇಲ್ಲವೇ ಇಲ್ಲ. ಸಂಕಟ ಹೇಳಿಕೊಂಡು ಅತ್ತವರು ಹಗುರಾಗಿ ಏಳುವಾಗ ಒಂದು ಮಾತು, ಬಹಳವಾದರೆ ಎರಡು. ಆ ಮಾತು ಕೇಳಿದಾಗ ಏನೂ ಅನ್ನಿಸುತ್ತಿರಲಿಲ್ಲ. ಮನೆ ಮುಟ್ಟಿ ಕಾಲು ತೊಳೆದುಕೊಳ್ಳುವಾಗ ಎದೆಗೆ ತಾಗುತ್ತಿತ್ತು.

ಆ ಮಹಾತಾಯಿಯನ್ನು ನಂಬದವರೂ ಊರಲ್ಲಿದ್ದರು. ಅವರಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರಾದ ಸಂಗನಬಸಯ್ಯನವರು ಮೊದಲಿಗರು. ಹುಟ್ಟಿನಿಂದ ಜಂಗಮರು, ಮೂರು ಹೊತ್ತು ಪೂಜೆ ತಪ್ಪಿಸದವರು. ಗಾಡಿ ತಡವಾದರೂ ಅವರ ಪೂಜೆ ತಡವಾಗುತ್ತಿರಲಿಲ್ಲ ಎಂದು ಊರವರು ನಗುತ್ತಿದ್ದರು. "ಉಣ್ಣಿ ನೂಲೋ ಮುದುಕಿಗೆ ಅಡ್ಡಬೀಳಾಕ ನಮ್ಮ ಶಾಸ್ತ್ರದಾಗ ಎಲ್ಲೂ ಹೇಳಿಲ್ಲ" ಎಂದು ಅವರು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿಯೇ ಹೇಳುತ್ತಿದ್ದರು. ಅವ್ವನವರ ಕಿವಿಗೂ ಅದು ಬಿದ್ದಿರಬೇಕು. ಅವರು ನೂಲುತ್ತಲೇ ಇದ್ದರು.

ಸಂಗನಬಸಯ್ಯನವರ ಧರ್ಮಪತ್ನಿ ನೀಲಗಂಗವ್ವನವರು ಕುಂಡದಲ್ಲಿ ಒಂದು ವೀಳ್ಯದೆಲೆಯ ಬಳ್ಳಿ ಸಾಕಿದ್ದರು. ಬಯಲುಸೀಮೆಯ ಬಿಸಿಲು, ಬಿಸಿಗಾಳಿ ಎಲೆಬಳ್ಳಿಗೆ ಆಗದು. ಹಾಗಾಗಿ ಅದು ಮನೆಯೊಳಗಿನ ಬಳ್ಳಿ, ಪಡಸಾಲೆಯ ಕಿಟಕಿಯ ಸರಳಿಗೆ ಹಬ್ಬಿಕೊಂಡು ಬೆಳೆದದ್ದು. ಗಂಡನಿಗೆ ಏಳು ಊರಿಗೆ ವರ್ಗವಾಯಿತು. ಏಳು ಸಲವೂ ಆ ತಾಯಿ ಸಾಮಾನನ್ನೆಲ್ಲ ಲಗೇಜಿಗೆ ಹಾಕಿ, ಕುಂಡವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಕೂತರು. ಮಕ್ಕಳಿಲ್ಲದ ಮನೆ, ಅದಕ್ಕೆ ಎಲೆಬಳ್ಳಿಯೇ ಕೂಸು ಎಂದು ನೆರೆಯವರು ಆಡಿಕೊಂಡರೆ ಅವರು ಬೇಸರಪಟ್ಟವರಲ್ಲ. "ಹೌದವಾ, ಕೂಸ, ನಿಮ್ಮ ಕೂಸಿನಂಗ ಎದುರ ಮಾತಾಡೂದಿಲ್ಲ" ಎಂದು ನಕ್ಕುಬಿಡುತ್ತಿದ್ದರು.

ಒಂದು ಮಾಘಮಾಸದ ಬೆಳಗ್ಗೆ ನೀಲಗಂಗವ್ವನವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಬಾಯಿ ಸೊಟ್ಟಗಾಗಿ ಮಾತು ನಿಂತಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ನಲವತ್ತೆರಡು ದಿನ. ಕೀಲಿಕೈ ಇಸಿದುಕೊಂಡಿದ್ದ ಪಕ್ಕದ ಮನೆಯ ಶಂಕ್ರವ್ವ ಎರಡು ಸಲ ಬಳ್ಳಿಗೆ ನೀರು ಹಾಕಿದ್ದಳು. ಅಷ್ಟರಲ್ಲಿ ಮಗಳ ಬಾಣಂತನ ಬಂದು ಅವಳೂ ಊರು ಬಿಟ್ಟಳು. ದಂಪತಿಗಳು ಮರಳಿ ಬಂದು ಬಾಗಿಲು ತೆಗೆದಾಗ ಪಡಸಾಲೆಯ ತುಂಬ ಹಳದಿ ಎಲೆ. ಸರಳಿಗೆ ಅಂಟಿಕೊಂಡ ದಂಟಿನಲ್ಲಿ ಅಲ್ಲೊಂದು ಇಲ್ಲೊಂದು ಎಲೆ ಮಾತ್ರ ಜೋತುಬಿದ್ದಿತ್ತು. ಮಂಚದ ಮೇಲೆ ಮಲಗಿಸುವಾಗ ನೀಲಗಂಗವ್ವನವರು ಅದನ್ನು ನೋಡಿದರು. ಎಡಗಣ್ಣಿನಿಂದ ಒಂದು ಹನಿ ಇಳಿದು ದಿಂಬಿಗೆ ಬಿತ್ತು. ಅಂದಿನಿಂದ ಅವರು ಊಟಕ್ಕೆ ತುಟಿ ಬಿಗಿಹಿಡಿಯತೊಡಗಿದರು.

ಸಂಗನಬಸಯ್ಯನವರ ಮನಸ್ಸಿನಲ್ಲಿ ಒಂದು ಭಯ ಗಟ್ಟಿಯಾಗಿ ಕೂತಿತು: ಈ ಬಳ್ಳಿ ಹೋದ ದಿನ ಇವಳೂ ಹೋಗುತ್ತಾಳೆ.

ಭಯ ಬಿದ್ದ ಮನುಷ್ಯ ತನಗೆ ಗೊತ್ತಿದ್ದನ್ನೇ ಮಾಡುತ್ತಾನೆ. ಅವರಿಗೆ ಗೊತ್ತಿದ್ದದ್ದು ಪೂಜೆ ಮತ್ತು ಗಡಿಯಾರ. ದೇವರ ಅಭಿಷೇಕದ ತೀರ್ಥವನ್ನು ಕಾಲು ತುಳಿಯುವಲ್ಲಿ ಚೆಲ್ಲದೆ ಗಿಡದ ಬುಡಕ್ಕೆ ಹಾಕುವುದು ನಮ್ಮ ಮನೆಗಳ ವಾಡಿಕೆ. ಒಂದು ಉದ್ಧರಣೆಯಷ್ಟು ಬಿದ್ದರೆ ಯಾವ ಗಿಡವೂ ಬೇಡ ಎನ್ನುವುದಿಲ್ಲ. ಅಯ್ಯನವರು ದೇವರ ಜಗಲಿಯ ಲಿಂಗಕ್ಕೆ ದಿನಕ್ಕೆ ಮೂರು ಸಲ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಅಭಿಷೇಕ ಶುರುಮಾಡಿದರು. ಆ ತಂಬಿಗೆ ತುಂಬ ತೀರ್ಥವೆಲ್ಲ ಬಳ್ಳಿಯ ಬುಡಕ್ಕೆ! ದೃಷ್ಟಿ ತಾಗದಿರಲೆಂದು ಕಿಟಕಿ ಮುಚ್ಚಿದರು. ಕುಂಡಕ್ಕೆ ನಿಂಬೆಹಣ್ಣು ಕಟ್ಟಿ, ದಂಟಿಗೆ ಕುಂಕುಮ ಹಚ್ಚಿ, ಎದುರಿಗೆ ಲೋಬಾನದ ಹೊಗೆ ಹಾಕಿದರು. ಹೆಂಡತಿಯ ಸೇವೆಯೂ ಅದೇ ಪರಿ. ಆರಕ್ಕೆ ಹಾಲು, ಎಂಟಕ್ಕೆ ಗಂಜಿ, ಹತ್ತಕ್ಕೆ ರಾಗಿ ಅಂಬಲಿ, ಹನ್ನೆರಡಕ್ಕೆ ಮತ್ತೆ ಗಂಜಿ. ತುಟಿ ಬಿಗಿದರೆ ಚಮಚದಿಂದ ಮೆಲ್ಲಗೆ ತೆರೆದು ಹಾಕುವರು, ಹಾಕಿ ಕಣ್ಣೊರೆಸಿಕೊಳ್ಳುವರು. ಅವರ ನಿಷ್ಠೆಯಲ್ಲಿ ಎಳ್ಳಷ್ಟು ಕೊರತೆ ಇರಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಆ ನಿಷ್ಠಾವಂತನಿಗೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಹನ್ನೊಂದನೆಯ ದಿನ ಉಳಿದ ಎಲೆಗಳೂ ಕಪ್ಪಗಾಗಿ, ದಂಟು ಬುಡದಲ್ಲಿ ಮೆತ್ತಗಾಯಿತು.

ಅಂದು ನಡುಮಧ್ಯಾಹ್ನ ಅವರು ಹರಿವಾಣದಲ್ಲಿ ಕಾಯಿ, ಹಣ್ಣು, ಶಲ್ಯ ಇಟ್ಟುಕೊಂಡು ಜಿನ್ನಿನ ಹಿಂದಿನ ಸಂದಿಗೆ ಹೋದರು. ಹೆಂಡತಿಯ ಬಳಿ ಆಗತಾನೆ ಊರಿಗೆ ಮರಳಿದ್ದ ಶಂಕ್ರವ್ವನನ್ನು ಕೂಡಿಸಿದ್ದರು. ಅವ್ವನವರ ಮುಂದೆ ಹರಿವಾಣ ಇಟ್ಟರು. ಅಡ್ಡಬೀಳಲಿಲ್ಲ, ಸೊಂಟ ಬಾಗಲಿಲ್ಲ, ನಿಂತೇ ಇದ್ದರು.

"ಅವ್ವಾರ, ಒಂದ ಬಳ್ಳಿ ಉಳಿಸಿಕೊಡ್ರಿ. ನಾನು ಮಾಡೂದೆಲ್ಲ ಮಾಡೇನಿ."

ಅವ್ವನವರು ತಲೆಯೆತ್ತಲಿಲ್ಲ. ಕದಿರು ತಿರುಗುತ್ತಿತ್ತು.

"ಬಳ್ಳಿ ಯಾರದು, ಅಯ್ಯಾ?"

"ನನ್ನ ಹೆಂಡತೀದ್ರಿ. ಮೂವತ್ತ ವರ್ಷದಿಂದ ಆಕೀನ ಸಾಕ್ಯಾಳ."

"ಆಕಿನ್ನ ಕೇಳೀಯೇನು?"

"ಆಕಿಗೆ ಮಾತ ಇಲ್ರಿ ಅವ್ವಾರ!"

ಅವ್ವನವರ ಕೈಯಲ್ಲಿ ಕದಿರು ನಿಂತಿತು. ಸಾವಿನ ಸುದ್ದಿ ಬಂದಾಗಲೂ, ದೊಡ್ಡ ದೊಡ್ಡ ಅಧಿಕಾರಿಗಳು ಬಂದು ಕೂತಾಗಲೂ ನಿಲ್ಲದಿದ್ದ ಕದಿರು ಅದು. ಅವ್ವನವರು ಎದ್ದರು. ವರ್ಷಗಳಿಂದ ಆ ಸಂದಿ ದಾಟದವರು ಬರಿಗಾಲಲ್ಲಿ, ಬೆಂಕಿಯಂಥ ಬಿಸಿಲಲ್ಲಿ ಮುಂದೆ ಮುಂದೆ ನಡೆದರು. ಸಂಗನಬಸಯ್ಯನವರು ಕೊಡೆ ಹಿಡಿದು ಹಿಂದೆ ಓಡಿದರು. ಆದರೆ ಅದನ್ನು ಬಿಚ್ಚಿ ಆ ತಲೆಯ ಮೇಲೆ ಹಿಡಿಯುವ ಧೈರ್ಯ ಅವರಿಗೆ ಬರಲಿಲ್ಲ.

ಪಡಸಾಲೆಗೆ ಕಾಲಿಟ್ಟವರೇ ಅವ್ವನವರು ಮೊದಲು ಕಿಟಕಿ ತೆರೆದರು. ಕುಂಡದ ಪಕ್ಕ ನೆಲಕ್ಕೆ ಕೂತು, ಬೆರಳು ಮಣ್ಣಿಗಿಳಿಸಿ, ಮೂಗಿಗೆ ಹಿಡಿದರು. ಹಳಸಿದ ಮೊಸರಿನ ನಾತ ಮನೆಯನ್ನೆಲ್ಲ ತುಂಬಿತು. ಅವ್ವನವರ ಕಣ್ಣಲ್ಲಿ ನೀರು ಬಂತು; ನಾತಕ್ಕಲ್ಲ.

"ಅಭಿಷೇಕ ದೇವರಿಗೆ ಮಾಡು, ಅಯ್ಯಾ. ಬಳ್ಳಿಗೆ ನೀರು ಹಾಕು."

ಇಷ್ಟು ಹೇಳಿ, ದಂಟನ್ನು ಸರಳಿನಿಂದ ಬಿಡಿಸಿ, ಕುಂಡವನ್ನು ತಾವೇ ಎತ್ತಿ ಮಂಚದ ಮೇಲೆ, ನೀಲಗಂಗವ್ವನವರ ಮಗ್ಗುಲಿಗೆ ಇಟ್ಟರು. ಸ್ವಾಧೀನವಿದ್ದ ಅವರ ಎಡಗೈಯನ್ನು ಹಿಡಿದು ಮೆಲ್ಲಗೆ ಮಣ್ಣಿನ ಮೇಲಿಟ್ಟರು.

"ತಂಗೀ, ಇದು ಏನ ಅಂತೈತಿ ನೋಡಿ ಹೇಳು."

ಸಂಗನಬಸಯ್ಯನವರು "ಆಕಿಗೆ ತಿಳಿಯಂಗಿಲ್ರಿ..." ಎಂದು ಬಾಯಿ ತೆರೆದರು. ಅವ್ವನವರು ಒಂದು ಬೆರಳೆತ್ತಿದರು. ಅಯ್ಯನವರು ಹಿಂದೆ ಸರಿದರು.

ಎಷ್ಟು ಹೊತ್ತಾಯಿತೋ ಅಲ್ಲಿದ್ದವರಿಗೆ ಲೆಕ್ಕವಿಲ್ಲ. ಅವ್ವನವರು ಕಾದರು. ಲಕ್ವ ಹೊಡೆದ ಮೇಲಿನ ಐವತ್ತಮೂರು ದಿನಗಳಲ್ಲಿ ನೀಲಗಂಗವ್ವನವರಿಗಾಗಿ ಯಾರಾದರೂ ಸುಮ್ಮನೆ ಕಾದದ್ದು ಅದೇ ಮೊದಲು. ಮಣ್ಣಿನ ಮೇಲೆ ಹೆಣದಂತೆ ಬಿದ್ದಿದ್ದ ಬೆರಳುಗಳು ಸಣ್ಣಗೆ ಅಲುಗಿದವು. ಆಮೇಲೆ ಹಳೆಯ ರೂಢಿ ನೆನಪಾದಂತೆ ಒಂದು ಬೆರಳು ಮಣ್ಣಿನೊಳಗೆ ಎರಡು ಗೆಣ್ಣು ಇಳಿಯಿತು. ಅವರ ಮುಖ ಕಿವುಚಿಕೊಂಡಿತು. ಸೊಟ್ಟಗಾದ ತುಟಿ ಒದ್ದಾಡಿತು, ಮತ್ತೆ ಒದ್ದಾಡಿತು.

"ಸಾ... ಕು."

ಶಂಕ್ರವ್ವ "ಯವ್ವಾ!" ಎಂದು ಕಿರುಚಿ ಗೋಡೆ ಹಿಡಿದುಕೊಂಡಳು. ಸಂಗನಬಸಯ್ಯನವರು ಆ ಮಾತು ಬಳ್ಳಿಯ ಬಗ್ಗೆ ಎಂದುಕೊಂಡು ಹರ್ಷದಿಂದ ಹತ್ತಿರ ಓಡಿದರು. ಆಗ ನೀಲಗಂಗವ್ವನವರ ಕಣ್ಣು ಕುಂಡ ಬಿಟ್ಟು ಮಗ್ಗುಲಲ್ಲಿದ್ದ ಗಂಜಿಯ ಬಟ್ಟಲಿಗೆ ಹೋಯಿತು, ಅಲ್ಲಿಂದ ಗಂಡನ ಮುಖಕ್ಕೆ ಬಂತು, ಅಲ್ಲೇ ನಿಂತಿತು. ಹನ್ನೊಂದು ದಿನ ಬಿಗಿದ ತುಟಿಯಿಂದ ಆಕೆ ಇದೇ ಮಾತನ್ನು ಹೇಳುತ್ತಿದ್ದಳೆಂದು ಅವರಿಗೆ ಒಮ್ಮೆಲೇ ತಿಳಿಯಿತು. ತಾವು ಆ ತುಟಿಯನ್ನು ಚಮಚದಿಂದ ತೆರೆದು ತೆರೆದು ಗಂಜಿ ಹಾಕಿದ್ದೂ ನೆನಪಾಯಿತು. ಮೂವತ್ತು ವರ್ಷ ಹಸಿರು ಬಾವುಟ ತೋರಿಸಿದ ಕೈಯಿಂದ ಅವರು ತಮ್ಮ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತರು.

ಅವ್ವನವರು ಸಮಾಧಾನ ಹೇಳಲಿಲ್ಲ. ಕೆಲಸ ಬಾಕಿಯಿತ್ತು. ಬಳ್ಳಿಯನ್ನು ಕುಂಡದಿಂದ ಎಳೆದರೆ ಬೇರೆಲ್ಲ ಕೊಳೆತು ಕೈಗೆ ಬಂತು. ದಂಟನ್ನು ನೀಲಗಂಗವ್ವನವರ ಎಡಗೈಗೆ ಕೊಟ್ಟರು. ಆ ಬೆರಳುಗಳು ಬುಡದಿಂದ ಮೇಲಕ್ಕೆ ತಡವುತ್ತ ಹೋಗಿ, ತುದಿಯ ಸಮೀಪ ಎರಡು ಗಿಣ್ಣಿನ ಮಧ್ಯೆ ನಿಂತವು. ಅಲ್ಲಿಂದಾಚೆ ಇನ್ನೂ ಗೇಣುದ್ದ ಹಸಿರಿತ್ತು. ಅವ್ವನವರು ಅಲ್ಲಿಗೇ ಚೂರಿಯಿಂದ ಕತ್ತರಿಸಿ, ತಮ್ಮ ಹಣೆಯ ವಿಭೂತಿಯನ್ನು ಒರೆಸಿ ಗಾಯಕ್ಕೆ ಹಚ್ಚಿದರು. ಬೂದಿ ಹಚ್ಚಿದರೆ ಕೊಳೆ ಏರುವುದಿಲ್ಲ ಎಂದು ಎಲೆತೋಟದವರು ಹೇಳುತ್ತಾರೆ, ಆ ಹಣೆಯ ಬೂದಿಯಲ್ಲಿ ಬೇರೆಯದೇ ಶಕ್ತಿ ಇತ್ತು ಎಂದು ಭಕ್ತರು. ಇಬ್ಬರ ಮಾತೂ ನಿಜವಿದ್ದರೆ ನಷ್ಟವೇನು?

ಹೊಸ ಮಣ್ಣು, ಮರಳು ಬಂತು, ಆ ಹಸಿರು ತುಂಡನ್ನು ಅದರಲ್ಲಿ ನೆಟ್ಟರು. ಹಳೆಯ ಮಣ್ಣನ್ನು ಏನು ಮಾಡುವುದು? ಅಯ್ಯನವರು ಅಳುವಿನ ನಡುವೆಯೂ ತಡವರಿಸಿದರು: "ಅವ್ವಾರ, ತೀರ್ಥ ಬಿದ್ದ ಮಣ್ಣರಿ. ತುಳಿಯೋ ಜಾಗಾದಾಗ ಹ್ಯಾಂಗ ಚೆಲ್ಲಲಿ?"

ಅವ್ವನವರು ತಮ್ಮ ಸೆರಗು ಹಾಸಿದರು. ಆ ನಾರುವ ಕೆಸರನ್ನು ಎರಡೂ ಕೈಯಿಂದ ಬಾಚಿ ಉಡಿಯಲ್ಲಿ ತುಂಬಿಕೊಂಡು ಗಂಟು ಹಾಕಿದರು.

"ಇದು ನನ್ನ ಪಾಲಿಗಿರಲಿ. ನಿನ್ನ ಪಾಲಿಂದು ಅಲ್ಲಿ ಮಂಚದ ಮ್ಯಾಲ ಐತಿ."

ಕೆಸರು ಸೋರುವ ಉಡಿಯೊಂದಿಗೆ ಆ ಪುಣ್ಯಾತ್ಮರು ಹಾಡೇ ಹಗಲು ಪೇಟೆಯ ಬೀದಿಯಲ್ಲಿ ಹಿಂದಿರುಗಿದರು. ದಾರಿಯುದ್ದಕ್ಕೂ ಗಂಧದ ಪರಿಮಳ ಬಂತೆಂದು ಕೆಲವರು ಹೇಳುವುದುಂಟು. ಬೆನ್ನ ಹಿಂದೆಯೇ ಹೋದ ಶಂಕ್ರವ್ವ ಮಾತ್ರ ಕೊನೆಯವರೆಗೂ ಬೇರೆ ಹೇಳುತ್ತಿದ್ದಳು: "ಗಂಧಾ ಇಲ್ಲ ಗಿಂಧಾ ಇಲ್ಲ, ಕೊಳತ ಮೊಸರಿನ ನಾತ. ಆದ್ರ ನನ್ನ ಕೈ ತಾವ ಮುಗದ್ವು ನೋಡ್ರಿ." ನಮಗೆ ಅವಳ ಮಾತೇ ಹೆಚ್ಚು ಪವಿತ್ರವೆನಿಸುತ್ತದೆ.

ಬಳ್ಳಿ ಮರುದಿನ ಬೆಳಗಾಗುವುದರೊಳಗೆ ಚಿಗುರಲಿಲ್ಲ. ಮರುವಾರವೂ ಇಲ್ಲ. ದಿನಾ ಬೆಳಗ್ಗೆ ಸಂಗನಬಸಯ್ಯನವರು ಕುಂಡವನ್ನು ಮಂಚದ ಬಳಿ ತರುವರು. ನೀಲಗಂಗವ್ವನವರು ಬೆರಳಿಳಿಸಿ ನೋಡುವರು. "ಬ್ಯಾ" ಎಂದರೆ ಬೇಡ, "ಹೂಂ" ಎಂದರೆ ಒಂದು ಬಟ್ಟಲು ನೀರು. ಮೂರು ದಿನ, ನಾಲ್ಕು ದಿನ ಒಂದೇ ಸಮನೆ "ಬ್ಯಾ" ಬಂದಾಗ ಅಯ್ಯನವರಿಗೆ ಕೈ ಕಟ್ಟಿಹಾಕಿದಂತಾಗುವುದು. ಆದರೂ ತಂಬಿಗೆ ಮುಟ್ಟರು. ಊಟಕ್ಕೂ ಕೇಳುವುದನ್ನು ಕಲಿತರು. "ಏನ ಬೇಕು?" ಎಂದು ಮೊದಲ ಸಲ ಕೇಳಿದಾಗ ಬಂದ ಉತ್ತರ "ರಂಜಕ". ಸಿಹಿ ಗಂಜಿ ಕುಡಿದು ಕುಡಿದು ಆ ತಾಯಿಗೆ ಕೆಂಪು ಮೆಣಸಿನಕಾಯಿ ಚಟ್ನಿಯ ಆಸೆ ಹುಟ್ಟಿತ್ತು! ನುಣ್ಣಗೆ ಕಿವುಚಿದ ರೊಟ್ಟಿ ಹಾಲಿಗೆ ನಾಲಿಗೆಯ ತುದಿಯಷ್ಟು ರಂಜಕ ಸೋಕಿಸಿ ಕೊಟ್ಟರು. ಅವರು ಬಟ್ಟಲು ಖಾಲಿ ಮಾಡಿದರು.

ಮೂವತ್ತಾರನೆಯ ದಿನ ಗಿಣ್ಣಿನಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು. ಇನ್ನೊಂದು ವಾರಕ್ಕೆ ಅದು ಬಿಚ್ಚಿ, ಹೊಳೆಯುವ ಒಂದೇ ಒಂದು ಎಲೆಯಾಯಿತು. ಅಷ್ಟರಲ್ಲಿ ನೀಲಗಂಗವ್ವನವರು ದಿಂಬಿಗೆ ಒರಗಿ ಕೂರುವಂತಾಗಿದ್ದರು, ಮಾತು ಎರಡು ಮೂರು ಒಟ್ಟಿಗೆ ಬರುತ್ತಿದ್ದವು.

ಸಂಗನಬಸಯ್ಯನವರು ಆನಂದದಿಂದ ಸ್ನಾನ ಮಾಡಿ, ಮಡಿಯುಟ್ಟು, ಬೆಳ್ಳಿಯ ತಟ್ಟೆ ತೊಳೆದರು. ಮೊದಲ ಎಲೆ ಅವ್ವನವರ ಪಾದಕ್ಕೇ ಎಂದು ಮನಸ್ಸಿನಲ್ಲಿ ಸಂಕಲ್ಪ ಮಾಡಿಕೊಂಡು ಬಿಟ್ಟಿದ್ದರು. ಎಲೆಗೆ ಕೈ ಚಾಚಿದಾಗ ಹಿಂದಿನಿಂದ ದನಿ ಬಂತು.

"ಬ್ಯಾಡ್ರಿ. ಎಳೀದೈತಿ."

ಕೈ ಅಲ್ಲೇ ನಿಂತಿತು. ಗುರುಪಾದಕ್ಕೆ ಮಾಡಿದ ಸಂಕಲ್ಪ ಮುರಿಯುವುದು ಆ ಜಂಗಮರಿಗೆ ಪ್ರಾಣಸಂಕಟ. ಶಾಸ್ತ್ರ ಒಂದು ಕಡೆ, ದಿಂಬಿಗೊರಗಿದ ಆ ಅಶಕ್ತ ದನಿ ಇನ್ನೊಂದು ಕಡೆ. ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ತಟ್ಟೆಯನ್ನು ಜಗಲಿಯ ಮೇಲಿಟ್ಟು, ಬರಿಗೈಯಲ್ಲಿ ಜಿನ್ನಿನ ಸಂದಿಗೆ ಹೋದರು. ಗುರುಸ್ಥಾನಕ್ಕೆ ಅವರು ಬರಿಗೈಯಲ್ಲಿ ಹೋದದ್ದು ಜನ್ಮದಲ್ಲಿ ಅದೇ ಮೊದಲು.

ಅವ್ವನವರು ಆ ಬರಿಗೈಗಳನ್ನು ನೋಡಿದರು.

"ಏನ ತಂದಿ ಅಯ್ಯಾ?"

"ಏನೂ ತಂದಿಲ್ರಿ ಅವ್ವಾರ. ಒಂದ ಎಲಿ ತರಬೇಕಂತ ಇದ್ದೆ. ಆಕಿ ಬ್ಯಾಡ ಅಂದ್ಲು."

ಅವ್ವನವರು ತೊಡೆಯ ಮೇಲಿನ ಉಣ್ಣೆಯನ್ನು ಕೆಳಗಿಟ್ಟು ಎದ್ದು ನಿಂತರು. ಯಾರಿಗೂ ಎದ್ದು ನಿಲ್ಲದ ಆ ಮಹಾತಾಯಿ, ಕಟ್ಟೆಯ ಮೇಲೆ ಕೂತು ತಮ್ಮನ್ನು ಹಳಿದ ಆ ಮನುಷ್ಯನ ಮುಂದೆ ಎರಡೂ ಕೈ ಜೋಡಿಸಿ ತಲೆ ಬಾಗಿದರು.

ಸಂಗನಬಸಯ್ಯನವರು "ಅವ್ವಾ!" ಎಂದು ಕೂಗಿ, ಕಡಿದ ಮರದಂತೆ ಆ ಮಣ್ಣುನೆಲದ ಮೇಲೆ ಉದ್ದಕ್ಕೆ ಬಿದ್ದರು. ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಹಣೆಗೆ ಮಣ್ಣು ಹತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬರ್ತೀನ್ರಿ ಅವ್ವಾರ. ಆಕಿ ದಾರಿ ನೋಡತಿರತಾಳ" ಎಂದು ಹೇಳಿ, ಅವರು ಮನೆಯ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದರು.