ಸೊನ್ನೆಗೆ ತಿರುಗಿಸಿದ ಒಲೆ

"ಕೋಪ ಸತ್ತಿದೆ ಎಂದು ತಿಳಿಯುವುದು ಹೇಗೆ ಬುದ್ಧಿ?" ಎಂದು ಮರಿದೇವ ಗುರುಗಳನ್ನು ಕೇಳಿದ.

"ಯಾರ ಕೋಪ?" ಎಂದರು ಗುರುಗಳು.

"ನನ್ನದೇ. ಅಪ್ಪನ ಹೆಣ ಅಂಗಳದಲ್ಲಿದ್ದಾಗ, ನೆರೆದ ಜನರ ಎದುರಿಗೆ ನನ್ನ ಅಣ್ಣ ನನ್ನ ಕಪಾಳಕ್ಕೆ ಹೊಡೆದ. ಆ ಉರಿಯಲ್ಲೇ ಮನೆ ಬಿಟ್ಟು ನಿಮ್ಮ ಮಠಕ್ಕೆ ಬಂದೆ. ಈಗ ಆ ಉರಿ ಇಲ್ಲ. ಅವನನ್ನು ನೆನೆದರೂ ಎದೆ ಬಿಸಿಯಾಗುವುದಿಲ್ಲ. ಬೂದಿ ಮುಚ್ಚಿದ ಕೆಂಡವೂ ಅಲ್ಲ ಬುದ್ಧಿ, ಊದಿ ಊದಿ ನೋಡಿದ್ದೇನೆ. ನೀವು ಒಪ್ಪಿದರೆ ದೀಕ್ಷೆ ತೆಗೆದುಕೊಳ್ಳುತ್ತೇನೆ."

ಗುರುಗಳು ನಕ್ಕರು. "ಕೆಂಡ, ಬೂದಿ ಎಲ್ಲ ನಮ್ಮಜ್ಜಿಯ ಕಾಲದ ಒಲೆಯ ಮಾತು ಮರಿ. ನಾನು ನಿನಗೆ ಕರೆಂಟಿನ ಒಲೆಯ ಕತೆ ಹೇಳುತ್ತೇನೆ. ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತವರ ಹಾಗೆ ಮುಖ ಮಾಡಬೇಡ. ಕಣ್ಣು ಬಿಟ್ಟುಕೊಂಡೇ ಕೇಳು." ಹೀಗೆಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಮಿಠಾಯಿಯವನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಅವನ ತಾಯಿ. ಮೂವರೂ ಸೇರಿ ಕಡಲೆ ಮಿಠಾಯಿ ಮಾಡುತ್ತಿದ್ದರು. ಬೆಲ್ಲದ ಪಾಕ ಎಂದರೆ ಸುಮ್ಮನೆ ಅಂದುಕೊಂಡೆಯಾ? ಬೇಗ ಇಳಿಸಿದರೆ ಮಿಠಾಯಿ ಹಲ್ಲಿಗೆ ಅಂಟುತ್ತದೆ. ಸ್ವಲ್ಪ ತಡವಾದರೆ ಸೀದು ಕಹಿಯಾಗುತ್ತದೆ. ಉರಿಯನ್ನು ಹೇಳಿದಂತೆ ಕೇಳಿಸಬಲ್ಲವನೇ ಮಿಠಾಯಿಯವನು.

ಸೌದೆಯ ಹೊಗೆಯಿಂದ ಹೆಂಡತಿಗೆ ಕೆಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ಅವಳು ಸೊರಗಿಹೋದಳು. ಗಂಡನಿಗೆ ಅದನ್ನು ನೋಡಲಾಗಲಿಲ್ಲ. ಅವಳಿಗಾಗಿಯೇ ಒಂದು ಕರೆಂಟಿನ ಒಲೆ ತಂದ. ಮಣ್ಣಿನ ಬಿಲ್ಲೆಯಲ್ಲಿ ಸುರುಳಿ ತಂತಿ ಕೂರಿಸಿರುತ್ತಾರಲ್ಲ, ಅಂಥದ್ದು. ಹೊಗೆಯೇನೋ ಹೋಯಿತು. ಆದರೆ ಆ ಒಲೆಗೆ ಗೊತ್ತಿದ್ದುದು ಒಂದೇ ಉರಿ. ಹಚ್ಚಿದರೆ ಸುರುಳಿ ಕೆಂಪಗೆ ಕಾದು ಪಾಕವನ್ನೆಲ್ಲ ಸೀಯಿಸಿಬಿಡುತ್ತಿತ್ತು.

ಮಿಠಾಯಿಯವನು ಯೋಚಿಸಿದ. ಫ್ಯಾನಿಗೆ ರೆಗ್ಯುಲೇಟರ್ ಇದೆ, ಒಲೆಗೆ ಯಾಕಿರಬಾರದು? ಮೊದಲು ಫ್ಯಾನಿನದನ್ನೇ ಕಟ್ಟಿ ನೋಡಿದ. ಅದು ನಾತ ಹೊಡೆಯುತ್ತಾ ಸುಟ್ಟುಹೋಯಿತು. ಆಮೇಲೆ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ, ಹೆಚ್ಚು ಕರೆಂಟು ತಡೆಯುವ ಬಿಡಿಭಾಗಗಳನ್ನು ಆರಿಸಿ ತಂದ. ರೇಡಿಯೊ ರಿಪೇರಿ ಮಾಡುವವನ ಪಕ್ಕದಲ್ಲಿ ಕೂತು ಬೆಸುಗೆ ಹಾಕುವುದನ್ನು ನೋಡಿ ಕಲಿತ. ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿ, ಮೇಲೊಂದು ತಿರುಗಣಿ ಹಾಕಿದ. ತಿರುಗಿಸಿದ. ಏನಾಶ್ಚರ್ಯ! ಕೆಂಪಗಿದ್ದ ಸುರುಳಿ ಮಂಕಾಯಿತು, ಇನ್ನೂ ತಿರುಗಿಸಿದರೆ ಕಪ್ಪಾಯಿತು, ಸೊನ್ನೆಗೆ ತಂದರೆ ತಣ್ಣಗಾಯಿತು. ಪಾಕ ಎಳೆ ಎಳೆಯಾಗಿ ಬಂತು.

ಅರ್ಧ ಕಲಿತವನ ಅಬ್ಬರ ಹೆಚ್ಚು ಅನ್ನುತ್ತಾರೆ. ಇವನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಬೀದಿಯವರನ್ನೆಲ್ಲ ಕರೆದು ತೋರಿಸಿದ. "ಬೆಂಕಿಯ ಕಿವಿ ಹಿಂಡಿ ಕೂರಿಸಿದ್ದೇನೆ" ಅಂದ. ಅಂದಿನಿಂದ ಅವನು ಪ್ಲಗ್ಗನ್ನು ಗೋಡೆಯಿಂದ ಕಿತ್ತದ್ದೇ ಇಲ್ಲ. ಸೊನ್ನೆಗೆ ತಿರುಗಿಸಿದ ಮೇಲೆ ಕೀಳುವುದು ಯಾಕೆ ಎಂಬುದು ಅವನ ಲೆಕ್ಕ.

ಆ ಮನೆಯಲ್ಲಿ ಒಂದು ಪದ್ಧತಿ. ಕೆಲಸ ಮುಗಿದ ಮೇಲೆ ಒಲೆಯ ಮೇಲೆ ಚೆಲ್ಲಿದ್ದೆಲ್ಲವನ್ನೂ ಒದ್ದೆ ಬಟ್ಟೆಯಿಂದ ಸಾರಿಸಿ, ಕುಂಕುಮವಿಟ್ಟು ಕೈಮುಗಿಯಬೇಕು. ಅನ್ನ ಕೊಡುವ ಒಲೆಯನ್ನು ಎಂಜಲು ಬಿಡಬಾರದು ಎಂದು ಅತ್ತೆ ಸೊಸೆಗೆ ಕಲಿಸಿದ್ದಳು. ಸೌದೆ ಒಲೆಗೆ ಮಾಡಿದ್ದನ್ನು ಕರೆಂಟಿನ ಒಲೆಗೂ ಮಾಡಬೇಕಲ್ಲವೇ? ಇಷ್ಟು ದಿನ ಅತ್ತೆ ಒಣಬಟ್ಟೆಯಲ್ಲಿ ಅಂಚನ್ನಷ್ಟೇ ಒರೆಸಿ ಕೈಮುಗಿಯುತ್ತಿದ್ದಳು. ಆ ಮಧ್ಯಾಹ್ನ ಪಾಕ ಉಕ್ಕಿ ಸುರುಳಿಯ ಸಂದಿಗೆಲ್ಲ ಇಳಿದಿತ್ತು. ಸೊಸೆ ತಾನೇ ಬಂದು ಒಲೆಯ ಮುಂದೆ ಕೂತಳು. ಆಗಷ್ಟೇ ತೊಳೆದ ನೆಲ. ಬರಿಗಾಲು. ಕೈಯಲ್ಲಿ ಒದ್ದೆ ಬಟ್ಟೆ.

"ಏನೂಂದ್ರೆ, ಒಲೆ ಆರಿದೆಯಾ?" ಎಂದು ಕೇಳಿದಳು. ಅವಳು ಹುಷಾರಿನ ಹೆಂಗಸು, ಕೇಳದೆ ಮುಟ್ಟುವವಳಲ್ಲ.

"ಆಗಲೇ ಸೊನ್ನೆಗೆ ತಿರುಗಿಸಿದ್ದೇನೆ, ಧೈರ್ಯವಾಗಿ ಸಾರಿಸು" ಅಂದ ಅವನು.

ಅವಳು ಆದರೂ ಅಂಗೈಯನ್ನು ಒಲೆಯ ಮೇಲೆ ಹಿಡಿದು ನೋಡಿದಳು. ಬಿಸಿ ಇರಲಿಲ್ಲ. ಸುರುಳಿಗೆ ಬಟ್ಟೆ ಇಟ್ಟಳು.

ಕೂಗಲೂ ಆಗಲಿಲ್ಲ ಅವಳಿಗೆ. ಮೈ ಸೆಟೆದುಕೊಂಡಿತು. ಹಿಡಿದ ಮುಷ್ಟಿ ಹಿಡಿದ ಹಾಗೇ ಇತ್ತು, ಕಣ್ಣು ಮಾತ್ರ ಗಂಡನನ್ನೇ ನೋಡುತ್ತಿತ್ತು. ಶಿವ ಶಿವಾ! ಮಿಠಾಯಿಯವನು ಡಬ್ಬಿಗೆ ಹಾರಿ ತಿರುಗಣಿ ಹಿಡಿದ. ಅದು ಸೊನ್ನೆಯಲ್ಲೇ ಇತ್ತು. ಇನ್ನೂ ಕೆಳಗೆ ತಿರುಗಿಸಲು ನೋಡಿದ. ಸೊನ್ನೆಗಿಂತ ಕೆಳಗೆ ಏನಿರುತ್ತದೆ? ಬೆಪ್ಪನ ಹಾಗೆ ತಿರುಗಿಸಿದ, ಮತ್ತೆ ತಿರುಗಿಸಿದ, ತಿರುಗಣಿ ಕಿತ್ತು ಕೈಗೆ ಬಂತು. ಅಷ್ಟು ಹೊತ್ತೂ ಹೆಂಡತಿಯ ಜೀವ ಹೋಗುತ್ತಿತ್ತು.

ಒಳಗಿಂದ ಬಂದ ಮುದುಕಿ ಮೂಲೆಯಲ್ಲಿದ್ದ ಒಣ ಒನಕೆ ಎತ್ತಿ ಸೊಸೆಯ ತೋಳಿಗೆ ಬೀಸಿ ಹೊಡೆದಳು. ಕೈ ಬಿಟ್ಟಿತು. ಸೊಸೆ ಗೋಡೆಯ ಕಡೆಗೆ ಬಿದ್ದಳು.

ಬದುಕಿದಳು ಮರಿ, ಬದುಕಿದಳು. ಆದರೆ ಬಲಗೈಯ ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಮಿಠಾಯಿ ಕಟ್ಟುವ ಕೈ ಅದು.

ಅವಳನ್ನು ಆಸ್ಪತ್ರೆಯಲ್ಲಿ ಮಲಗಿಸಿ ಅವನು ಮನೆಗೆ ಬಂದ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಪ್ಲಗ್ಗು ಇನ್ನೂ ಗೋಡೆಯಲ್ಲೇ ಇತ್ತು. ಸುರುಳಿ ಕಪ್ಪಗೆ, ತಣ್ಣಗೆ, ಸಾಧುವಿನ ಹಾಗೆ ಇತ್ತು. ಕರೆಂಟು ಇದೆಯೇ ಎಂದು ನೋಡುವ ಟೆಸ್ಟರ್ ಅವನ ಅಂಗಿಯ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ತೆಗೆದು ಸುರುಳಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯೊಳಗಿನ ದೀಪ ಪಕ್ಕನೆ ಹತ್ತಿತು.

ಒಲೆಗೆ ಎರಡು ತಂತಿ. ಒಂದು ಕರೆಂಟನ್ನು ತರುತ್ತದೆ, ಇನ್ನೊಂದು ಒಯ್ಯುತ್ತದೆ. ಅವನು ತಿರುಗಣಿ ಹಾಕಿದ್ದು ಒಯ್ಯುವ ತಂತಿಗೆ. ಕಾಲುವೆಯ ಕೊನೆಗೆ ಕಟ್ಟೆ ಹಾಕಿದರೆ ನೀರು ಹರಿಯುವುದು ನಿಲ್ಲುತ್ತದೆ, ಆದರೆ ಕಾಲುವೆ ತುಂಬಿಕೊಂಡೇ ಇರುತ್ತದೆ. ಹರಿಯದಿದ್ದರೆ ಬಿಸಿಯಾಗುವುದಿಲ್ಲ, ಅಷ್ಟೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತ ಹೆಂಗಸು ಮುಟ್ಟಿದಾಗ ಅದಕ್ಕೆ ಹರಿಯಲು ದಾರಿ ಸಿಕ್ಕಿತು. ದಾರಿ ಅವಳೇ ಆದಳು. ಒಲೆಯವನಿಗೆ ಏನೂ ಆಗಲಿಲ್ಲ, ನಂಬಿ ಮುಟ್ಟಿದವಳಿಗೆ ಆಯಿತು.

ಗುರುಗಳು ಕತೆ ನಿಲ್ಲಿಸಿದರು. ಮರಿದೇವನ ಮುಖ ಬಿಳಿಚಿಕೊಂಡಿತ್ತು.

"ಅಯ್ಯೋ ಬುದ್ಧಿ, ಎಂಥ ಮೂಢ ಅವನು! ಜೇಬಿನಲ್ಲೇ ಟೆಸ್ಟರ್ ಇತ್ತಲ್ಲ. ಹೆಂಡತಿ ಕೈಯಿಡುವ ಮೊದಲು ಒಮ್ಮೆ ಮುಟ್ಟಿಸಿ ನೋಡಬಾರದಿತ್ತೇ?" ಎಂದ.

"ನೋಡಬೇಕಿತ್ತು. ನಿನ್ನ ಅಣ್ಣ ಬೆಳಗಿನಿಂದ ಹೊರಗೆ ಜಗಲಿಯ ಮೇಲೆ ಕೂತಿದ್ದಾನೆ ಮರಿ, ಒಳಗೆ ಕರೆಯಲೇ?" ಎಂದರು ಗುರುಗಳು.

ಮರಿದೇವನ ಕೈ ತಾನಾಗಿ ತನ್ನ ಕಪಾಳದ ಮೇಲೆ ಹೋಯಿತು.